ಪದವನ್ನು ಎಲ್ಲಿ ಒಡೆಯಬೇಕು?

ವೈದ್ಯರು ಕೊಟ್ಟ ಚೀಟಿಯನ್ನು ಕೈಯಲ್ಲಿ ಹಿಡಿದು, ಅದರಲ್ಲಿರುವ ಉದ್ದನೆಯ ಪದವೊಂದನ್ನು ಓದಲಾರದೆ ನೀವು ಎಂದಾದರೂ ತಡವರಿಸಿದ್ದುಂಟೆ? ಉಂಟೆಂದೇ ನನ್ನ ಊಹೆ. ಅಂತಹ ಪದವನ್ನು ಒಂದೇ ಉಸಿರಿಗೆ ನುಂಗಲಾಗದು. ಕಬ್ಬು ತಿನ್ನುವವರಂತೆ ತುಂಡು ಮಾಡಿಕೊಳ್ಳಬೇಕು. ಆದರೆ ತುಂಡು ಮಾಡುವುದು ಎಲ್ಲಿ? ಗಿಣ್ಣಿನಲ್ಲೋ, ಎರಡು ಗಿಣ್ಣುಗಳ ನಡುವೆಯೋ? ಫ್ರೆಂಚ್ ಭಾಷೆಯ ವೈದ್ಯಕೀಯ ಪದಗಳ ವಿಷಯದಲ್ಲಿ ಈ ಪ್ರಶ್ನೆ ನನ್ನನ್ನು ಎರಡು ವರ್ಷಗಳ ಕಾಲ ಬಿಡದೆ ಕಾಡಿತು. ಅದು ವ್ಯಾಕರಣದ ಪ್ರಶ್ನೆಯೆಂದು ಮೊದಲಲ್ಲಿ ಭಾವಿಸಿದ್ದೆ. ಮನುಷ್ಯರ ಜೀವಕ್ಕೂ ಅದಕ್ಕೂ ಎಷ್ಟು ಹತ್ತಿರದ ನಂಟಿದೆ ಎಂಬುದು ತಿಳಿಯಲು ಸ್ವಲ್ಪ ಸಮಯ ಹಿಡಿಯಿತು.

1999ರ ಅಕ್ಟೋಬರ್ ತಿಂಗಳಿನಲ್ಲಿ ಉನ್ನತ ವ್ಯಾಸಂಗಕ್ಕೆಂದು ನನ್ನನ್ನು ಫ್ರಾನ್ಸ್ ದೇಶದ ಲಿಯೋಂ ನಗರಕ್ಕೆ ಕಳುಹಿಸಲಾಯಿತು. ರೋನ್ ಮತ್ತು ಸೋನ್ ನದಿಗಳು ಕೂಡುವ ಪ್ರಾಚೀನ ನಗರವದು. ಓದಿನ ಜೊತೆಗೆ ಅಲ್ಲಿನ ಒಂದು ಧರ್ಮಕೇಂದ್ರದಲ್ಲಿ ನೆರವಾಗುವುದು, ಪ್ರತಿ ಗುರುವಾರ ಹತ್ತಿರದ ಆಸ್ಪತ್ರೆಯ ರೋಗಿಗಳನ್ನು ಸಂದರ್ಶಿಸುವುದು ನನ್ನ ಪಾಲಿನ ಕೆಲಸವಾಗಿತ್ತು. ಭಾಷಾ ತರಗತಿಯಲ್ಲಿ ಕಲಿತದ್ದು ಸಂತೆಯ ಮಾತು, ರೈಲ್ವೆ ನಿಲ್ದಾಣದ ಮಾತು, ಊಟದ ಮೇಜಿನ ಮಾತು. ಗುರುಮಠದಲ್ಲಿ ಕಲಿತದ್ದು ಲತೀನ್ ಮತ್ತು ಹೊಸ ಒಡಂಬಡಿಕೆಯ ಗ್ರೀಕ್. ಆಸ್ಪತ್ರೆಯ ಹಾಸಿಗೆಯ ಪಕ್ಕದಲ್ಲಿ ಕುಳಿತಾಗ ಕಿವಿಗೆ ಬೀಳುತ್ತಿದ್ದುದು ಮಾತ್ರ ಇವೆರಡೂ ಅಲ್ಲದ ಮೂರನೆಯ ಭಾಷೆ. ಅದರ ಮೂಳೆಗಳು ಗ್ರೀಕಿನವು, ಮೇಲಿನ ಚರ್ಮ ಫ್ರೆಂಚಿನದು.

ಆ ಭಾಷೆಗೆ ನನಗೆ ಗುರುವಾಗಿ ದೊರೆತವರು ವೈದ್ಯರಲ್ಲ, ಪ್ರಾಧ್ಯಾಪಕರೂ ಅಲ್ಲ. ಅಚ್ಚುಮನೆಯಲ್ಲಿ ಮೊಳೆ ಜೋಡಿಸುತ್ತಿದ್ದ ಒಬ್ಬ ನಿವೃತ್ತ ಕೆಲಸಗಾರರು. ಲಿಯೋಂ ನಗರಕ್ಕೂ ಮುದ್ರಣಕ್ಕೂ ಹಳೆಯ ಸಂಬಂಧ. ಅಲ್ಲಿ ಮೊದಲ ಪುಸ್ತಕ ಅಚ್ಚಾದದ್ದು 1473ರಲ್ಲಿ. ನಮ್ಮ ಹಿರಿಯರು ಹದಿನಾಲ್ಕನೆಯ ವಯಸ್ಸಿಗೆ ಶಾಲೆ ಬಿಟ್ಟು ಅಚ್ಚುಮನೆಗೆ ಸೇರಿದವರು, ನಲವತ್ತು ವರ್ಷಗಳಿಗೂ ಮಿಕ್ಕಿ ಸೀಸದ ಮೊಳೆಗಳ ನಡುವೆ ಬಾಳಿದವರು. ಅವರ ಅಚ್ಚುಮನೆಗೆ ಹೆಚ್ಚಾಗಿ ಬರುತ್ತಿದ್ದುದು ವೈದ್ಯಕೀಯ ವಿದ್ಯಾರ್ಥಿಗಳ ಪ್ರೌಢ ಪ್ರಬಂಧಗಳು. ನಾನು ಕಂಡಾಗ ಅವರ ಎರಡು ಕಣ್ಣುಗಳಿಗೂ ಪೊರೆ ಬಂದಿತ್ತು. ಪ್ರತಿದಿನ ಬೆಳಗಿನ ಪೂಜೆಗೆ ಬರುತ್ತಿದ್ದರು. ಪ್ರಾರ್ಥನೆಗಳೆಲ್ಲ ಬಾಯಿಪಾಠವಿದ್ದುದರಿಂದ ಪುಸ್ತಕದ ಅಗತ್ಯವಿರಲಿಲ್ಲ. ಗುರುವಾರ ಆಸ್ಪತ್ರೆಯಿಂದ ಮರಳುವಾಗ ಅವರ ಮನೆಯಲ್ಲಿ ಒಂದು ಲೋಟ ಕಾಫಿ ಕುಡಿಯುವುದು ನನ್ನ ವಾಡಿಕೆಯಾಯಿತು. ಆ ದಿನ ನನ್ನನ್ನು ಮುಗ್ಗರಿಸಿದ ಪದಗಳನ್ನು ಒಂದು ಚೀಟಿಯಲ್ಲಿ ಬರೆದು ಒಯ್ಯುತ್ತಿದ್ದೆ. ಅವರಿಗೆ ಒಂದೊಂದು ಅಕ್ಷರವನ್ನೂ ಹೇಳುತ್ತಿದ್ದೆ. ಅವರು ಎಡಗೈಯಲ್ಲಿ ಇಲ್ಲದ ಅಚ್ಚುಪಟ್ಟಿಯನ್ನು ಹಿಡಿದವರಂತೆ ಹಿಡಿದು, ಬಲಗೈಯಿಂದ ಇಲ್ಲದ ಮೊಳೆಗಳನ್ನು ಅದರೊಳಗೆ ಇಡುತ್ತಾ ಹೋಗುತ್ತಿದ್ದರು. ಕೊನೆಯ ಮೊಳೆ ಇಟ್ಟ ಬಳಿಕ ಪದವನ್ನು ಉಚ್ಚರಿಸುತ್ತಿದ್ದರು.

ಸಾಲಿನ ತುದಿಗೆ ಬಂದ ಪದ ಆ ಸಾಲಿನಲ್ಲಿ ಹಿಡಿಸದಿದ್ದರೆ ಅದನ್ನು ಒಡೆದು ಉಳಿದ ಭಾಗವನ್ನು ಮುಂದಿನ ಸಾಲಿಗೆ ಕೊಂಡೊಯ್ಯಬೇಕು. ಮೊಳೆ ಜೋಡಿಸುವವರು ದಿನಕ್ಕೆ ನೂರಾರು ಸಲ ಮಾಡುವ ಕೆಲಸವಿದು. ನಮ್ಮ ಕನ್ನಡದಲ್ಲಿ ಇದು ಅಷ್ಟೇನೂ ತಲೆನೋವಿನ ವಿಷಯವಲ್ಲ. ನಮ್ಮ ಲಿಪಿಯೇ ಅಕ್ಷರ ಅಕ್ಷರವಾಗಿ ಬಿಡಿಸಿಟ್ಟ ಲಿಪಿ; ಒಂದು ಅಕ್ಷರದ ಹೊಟ್ಟೆಯನ್ನು ಸೀಳದಿದ್ದರಾಯಿತು. ಫ್ರೆಂಚಿನಲ್ಲಿ ಹಾಗಲ್ಲ. ಅಲ್ಲಿ ಸ್ವರ ವ್ಯಂಜನಗಳೆಲ್ಲ ಬಿಡಿಬಿಡಿಯಾಗಿ ಸಾಲುಗಟ್ಟಿ ನಿಂತಿರುತ್ತವೆ, ಯಾವುದು ಯಾರ ಮನೆಗೆ ಸೇರಿದ್ದೆಂದು ಓದುವವರೇ ನಿರ್ಧರಿಸಬೇಕು.

ಅದಕ್ಕೆ ಕೆಲವು ನಿಯಮಗಳಿವೆ. ಎರಡು ಸ್ವರಗಳ ನಡುವೆ ಒಂದೇ ವ್ಯಂಜನವಿದ್ದರೆ ಅದು ಮುಂದಿನ ಸ್ವರಕ್ಕೆ ಸೇರುತ್ತದೆ. ಎರಡಿದ್ದರೆ ಹಿಂದೊಂದು ಮುಂದೊಂದು. ಆದರೆ ಎರಡನೆಯದು ‘ಲ’ ಅಥವಾ ‘ರ’ ಆಗಿದ್ದರೆ ಸಾಮಾನ್ಯವಾಗಿ ಎರಡೂ ಕೂಡಿಯೇ ಮುಂದಕ್ಕೆ ಹೋಗುತ್ತವೆ. ಪಿ-ಎಚ್, ಟಿ-ಎಚ್, ಸಿ-ಎಚ್ ಎಂಬ ಜೋಡಿಗಳನ್ನು ಬೇರ್ಪಡಿಸುವಂತಿಲ್ಲ. ಎರಡು ಸ್ವರಗಳ ನಡುವೆ ಬಂದ ಎಕ್ಸ್ ಅಕ್ಷರದ ಹಿಂದೆಯೂ ಕತ್ತರಿಸುವಂತಿಲ್ಲ, ಮುಂದೆಯೂ ಕತ್ತರಿಸುವಂತಿಲ್ಲ. ಇದೇಕೆಂದು ನಾನು ಕೇಳಿದೆ. “ಒಕ್ಸಿಜೆನ್ ಎಂದು ನಿಧಾನವಾಗಿ ಹೇಳಿ ನೋಡಿ” ಎಂದರು. ಹೇಳಿದೆ. ಒಕ್-ಸಿ-ಜೆನ್. ಆ ಒಂದು ಅಕ್ಷರದೊಳಗೆ ‘ಕ್’ ಮತ್ತು ‘ಸ್’ ಎರಡು ಧ್ವನಿಗಳಿವೆ, ಒಂದು ಹಿಂದಿನ ಮನೆಗೆ, ಇನ್ನೊಂದು ಮುಂದಿನ ಮನೆಗೆ. ಸೀಸದ ಮೊಳೆಯನ್ನು ಇಬ್ಭಾಗ ಮಾಡಲಾದೀತೆ? ಒಂದೇ ಒಂದು ಅಕ್ಷರವನ್ನು ಸಾಲಿನ ತುದಿಯಲ್ಲಿ ಒಂಟಿಯಾಗಿ ಬಿಡಬಾರದು. ಇನ್ನೊಂದು ನಿಯಮವೂ ಉಂಟು: ಪದವನ್ನು ಒಡೆದಾಗ ಸಾಲಿನ ತುದಿಯಲ್ಲಿ ಉಳಿಯುವ ತುಂಡು ಅಸಭ್ಯ ಮಾತಾಗಬಾರದು. ಅದಕ್ಕೆ ಆ ಹಿರಿಯರು ಕೊಟ್ಟ ಉದಾಹರಣೆಗಳನ್ನು ಈ ಮಾಸಪತ್ರಿಕೆಯಲ್ಲಿ ಬರೆಯಲಾರೆ.

ಇಷ್ಟು ನಿಯಮಗಳು ಕೈವಶವಾದರೆ ಫ್ರೆಂಚಿನ ದಿನಬಳಕೆಯ ಪದಗಳನ್ನು ಒಡೆಯಬಹುದು. ಶಾಸ್ತ್ರದ ಪದಗಳು ಬಂದಾಗ ತೊಡಕು ಶುರುವಾಗುತ್ತದೆ. ಏಕೆಂದರೆ ಅವುಗಳಿಗೆ ಎರಡು ಬಗೆಯ ಗಿಣ್ಣುಗಳಿವೆ. ಒಂದು ನಾಲಗೆಯ ಗಿಣ್ಣು, ಇನ್ನೊಂದು ಅರ್ಥದ ಗಿಣ್ಣು.

ರಕ್ತಹೀನತೆಗೆ ಫ್ರೆಂಚಿನಲ್ಲಿ ‘ಅನೆಮಿ’ ಎನ್ನುತ್ತಾರೆ. ಗ್ರೀಕಿನಲ್ಲಿ ‘ಹೈಮ’ ಎಂದರೆ ರಕ್ತ. ಹನ್ನೆರಡು ವರ್ಷ ರಕ್ತಸ್ರಾವದಿಂದ ಬಳಲಿದ ಸ್ತ್ರೀಯನ್ನು ಕುರಿತು ಬರೆಯುವಾಗ ಮತ್ತಾಯನು ‘ರಕ್ತ’ ಮತ್ತು ‘ಹರಿಯುವುದು’ ಎರಡನ್ನೂ ಹೆಣೆದ ಒಂದೇ ಪದವನ್ನು ಬಳಸುತ್ತಾನೆ. ಗುರುಮಠದ ತರಗತಿಯಲ್ಲಿ ಅದನ್ನು ಓದಿದ ನೆನಪು ನನಗಿತ್ತು. ‘ಅನ್’ ಎಂದರೆ ಇಲ್ಲದಿರುವುದು. ಹಾಗಾಗಿ ಅರ್ಥದ ಗಿಣ್ಣು ‘ಅನ್’ ಮತ್ತು ‘ಎಮಿ’ಗಳ ನಡುವೆ ಇದೆ. ಆದರೆ ನಾಲಗೆ ಅಲ್ಲಿ ನಿಲ್ಲುವಂತಿಲ್ಲ. ಫ್ರೆಂಚಿನಲ್ಲಿ ‘ಎನ್’ ಅಕ್ಷರ ಪದಭಾಗದ ಕೊನೆಯಲ್ಲಿ ಉಳಿದರೆ ಅದು ತನ್ನ ಧ್ವನಿಯನ್ನು ಕಳೆದುಕೊಂಡು, ಹಿಂದಿನ ಸ್ವರವನ್ನು ಮೂಗಿಗೇರಿಸಿಬಿಡುತ್ತದೆ. ‘ಆಂತಿಬಿಯೊತಿಕ್’ ಎಂಬಲ್ಲಿ ಆಗುವುದು ಅದೇ. ‘ಅನೆಮಿ’ಯಲ್ಲಿ ಹಾಗಾಗಬಾರದು. ‘ಎನ್’ ಮುಂದಿನ ಸ್ವರದ ತೋಳಿಗೆ ಹಾರಬೇಕು: ಅ-ನೆ-ಮಿ. ಅರಿವಳಿಕೆಗೆ ಹೇಳುವ ‘ಅನೆಸ್ತೆಜಿ’ಯೂ ಹಾಗೆಯೇ. ಅದರ ಅರ್ಥ ‘ಅನ್’ ಎಂಬಲ್ಲಿ ಒಡೆಯುತ್ತದೆ, ಧ್ವನಿ ‘ಅ’ ಎಂಬಲ್ಲಿಯೇ ಒಡೆಯುತ್ತದೆ.

ಇದು ನಮಗೆ ಹೊಸದೇನಲ್ಲ. ‘ಅನಾರೋಗ್ಯ’ ಎಂಬ ಪದವನ್ನೇ ನೋಡಿ. ‘ಅನ್’ ಮತ್ತು ‘ಆರೋಗ್ಯ’ ಕೂಡಿ ಆದ ಪದವದು, ಆದರೆ ನಾವು ‘ಅ-ನಾ-ರೋ-ಗ್ಯ’ ಎಂದು ಉಚ್ಚರಿಸುತ್ತೇವೆ. ವ್ಯಂಜನದ ಮುಂದೆ ‘ಅ’, ಸ್ವರದ ಮುಂದೆ ‘ಅನ್’: ಈ ನಿಯಮ ಗ್ರೀಕಿನಲ್ಲಿಯೂ ಇದೆ, ಸಂಸ್ಕೃತದಲ್ಲಿಯೂ ಇದೆ, ಒಂದೇ ಅಜ್ಜಿಯ ಇಬ್ಬರು ಮೊಮ್ಮಕ್ಕಳಂತೆ. ಇದನ್ನು ಕಂಡುಕೊಂಡ ದಿನ ಫ್ರೆಂಚ್ ಆಸ್ಪತ್ರೆಯ ಅರ್ಧ ಶಬ್ದಕೋಶ ನನಗೆ ನೆಂಟನಾಯಿತು.

ಸ್ಟೆತೊಸ್ಕೋಪ್ ಇನ್ನೂ ಸೊಗಸಾದ ಉದಾಹರಣೆ. ನೀವು ಬಲ್ಲ ಈ ಉಪಕರಣ ಹುಟ್ಟಿದ್ದು ಫ್ರಾನ್ಸಿನಲ್ಲಿಯೇ. ಬ್ರಿಟನಿ ಪ್ರಾಂತ್ಯದ ಕಾಂಪೇರ್ ಎಂಬ ಊರಿನಲ್ಲಿ 1781ರಲ್ಲಿ ಜನಿಸಿದ ರೆನೆ ಲಯೆನೆಕ್ ಎಂಬ ವೈದ್ಯರು, 1816ರಲ್ಲಿ ಪ್ಯಾರಿಸ್ಸಿನ ನೆಕೆರ್ ಆಸ್ಪತ್ರೆಯಲ್ಲಿ ಹೃದ್ರೋಗದ ಯುವತಿಯೊಬ್ಬಳನ್ನು ಪರೀಕ್ಷಿಸಬೇಕಾಗಿ ಬಂತು. ಆಕೆಯ ಎದೆಗೆ ನೇರವಾಗಿ ಕಿವಿಯಿಡಲು ಸಂಕೋಚಗೊಂಡು ಕಾಗದವನ್ನು ಬಿಗಿಯಾಗಿ ಸುರುಳಿ ಸುತ್ತಿ ಅದರ ಮೂಲಕ ಆಲಿಸಿದರು. ಬಳಿಕ ಮರದ ಕೊಳವೆಯನ್ನು ಮಾಡಿಕೊಂಡರು. 1819ರಲ್ಲಿ ಅವರ ಗ್ರಂಥ ಪ್ರಕಟವಾಯಿತು. ಗ್ರೀಕಿನಲ್ಲಿ ‘ಸ್ತೆತೊಸ್’ ಎಂದರೆ ಎದೆ, ‘ಸ್ಕೊಪೆಯಿನ್’ ಎಂದರೆ ನೋಡುವುದು. ಕಿವಿಯಿಂದ ಆಲಿಸುವ ಸಾಧನಕ್ಕೆ ನೋಡುವ ಹೆಸರು ಬಂದದ್ದು ವಿಚಿತ್ರವೇ. ಕ್ಷಯರೋಗಿಗಳ ಎದೆಗಳನ್ನು ಆಲಿಸುತ್ತಾ ಬಾಳಿದ ಅವರು 1826ರಲ್ಲಿ ಅದೇ ರೋಗದಿಂದ ತೀರಿಕೊಂಡರು.

ಈಗ ಈ ಪದವನ್ನು ಸಾಲಿನ ತುದಿಯಲ್ಲಿ ಒಡೆಯಿರಿ. ಫ್ರೆಂಚ್ ಶಾಲೆಯ ಮಗು ‘ಸ್ತೆ-ತೊಸ್-ಕೋಪ್’ ಎಂದು ಒಡೆಯುತ್ತದೆ, ಏಕೆಂದರೆ ಎರಡು ವ್ಯಂಜನಗಳು ಬಂದಾಗ ಹಿಂದೊಂದು ಮುಂದೊಂದು ಎಂಬುದು ನಿಯಮ. ಗ್ರೀಕ್ ಬಲ್ಲವರು ‘ಸ್ತೆತೊ-ಸ್ಕೋಪ್’ ಎಂದು ಒಡೆಯುತ್ತಾರೆ. ಎರಡೂ ಸರಿಯೆಂದು ಅಚ್ಚುಮನೆಗಳು ಒಪ್ಪುತ್ತವೆ. “ಪ್ರಬಂಧ ಬರೆದ ವಿದ್ಯಾರ್ಥಿಗೆ ಮೊದಲನೆಯದು ಸಾಕು, ಅವನ ಪ್ರಾಧ್ಯಾಪಕರಿಗೆ ಎರಡನೆಯದೇ ಬೇಕು. ಕರಡು ತಿದ್ದಿ ಕಳುಹಿಸುತ್ತಿದ್ದರು” ಎಂದು ನಮ್ಮ ಹಿರಿಯರು ನಗುತ್ತಿದ್ದರು. ನಾನು ಅವರಿಗೆ ಕನ್ನಡ ಲಿಪಿಯಲ್ಲಿ ಆ ಪದವನ್ನು ದೊಡ್ಡದಾಗಿ ಬರೆದು ತೋರಿಸಿದೆ. ‘ಸ್ಕ’ ಎಂಬುದನ್ನು ನಾವು ಒತ್ತಕ್ಷರವಾಗಿ ಒಂದೇ ಕಡೆ ಬರೆಯುವುದರಿಂದ, ಗ್ರೀಕ್ ಅರಿಯದ ನಮ್ಮ ಹಳ್ಳಿಯ ಮಗುವೂ ‘ಸ್ತೆ-ತೊ-ಸ್ಕೋಪ್’ ಎಂದು ಪ್ರಾಧ್ಯಾಪಕರ ಗಿಣ್ಣಿನಲ್ಲಿಯೇ ಒಡೆಯುತ್ತದೆ. ಅವರು ಕಾಗದವನ್ನು ಮೂಗಿನ ಹತ್ತಿರ ಹಿಡಿದು ಆ ಒತ್ತಕ್ಷರವನ್ನು ಬಹಳ ಹೊತ್ತು ನೋಡಿದರು. ಇದಕ್ಕೆ ಎಷ್ಟು ಮೊಳೆಗಳು ಬೇಕೆಂದು ಕೇಳಿದರು. ಕನ್ನಡದ ಅಚ್ಚುಪೆಟ್ಟಿಗೆಯ ಗಾತ್ರವನ್ನು ನಾನು ವಿವರಿಸಿದಾಗ, ಆ ಕೆಲಸಗಾರರಿಗೆ ಹೆಚ್ಚು ಕೂಲಿ ಕೊಡಬೇಕು ಎಂದರು.

ಅದೇ ಸಂದರ್ಭದಲ್ಲಿ ನನ್ನ ಊರಿನ ಹೆಸರನ್ನೂ ಒಡೆಯಬೇಕೆಂದರು. ಚಿಕ್ಕಮಗಳೂರು. ಅವರ ನಿಯಮದಂತೆ ‘ಚಿಕ್’ ಎಂಬಲ್ಲಿ ಮೊದಲ ತುಂಡು ಬೀಳುತ್ತಿತ್ತು. ಹಾಗಲ್ಲ, ಅದು ಚಿಕ್ಕ ಮಗಳ ಊರು, ಹಿರಿಯ ಮಗಳಿಗೆ ಬೇರೊಂದು ಊರಿದೆ ಎಂದು ಸ್ಥಳಪುರಾಣವನ್ನು ಹೇಳಿದೆ. ಅವರಿಗೆ ಬಹಳ ಹಿಡಿಸಿತು.

ಇನ್ನು ಉಚ್ಚಾರಣೆಯ ಮಾತು. ಇಂಗ್ಲಿಷಿನ ಮೂಲಕ ನಮಗೆ ಬಂದ ‘ನ್ಯುಮೋನಿಯಾ’ದಲ್ಲಿ ಮೊದಲ ‘ಪಿ’ ಅಕ್ಷರ ಮೂಕ. ಫ್ರೆಂಚರು ಅದನ್ನು ಬಿಡುವುದಿಲ್ಲ, ‘ಪ್ನೊಮೊನಿ’ ಎನ್ನುತ್ತಾರೆ. ಮನೋವೈದ್ಯರು ಅವರಿಗೆ ‘ಪ್ಸಿಕಿಯಾತ್ರ್’. ಆದರೆ ಜ್ಞಾನಸ್ನಾನಕ್ಕೆ ಹೇಳುವ ಪದದಲ್ಲಿ ಬರೆದ ‘ಪಿ’ಯನ್ನು ನುಂಗಿ ‘ಬಾತೆಮ್’ ಎನ್ನುತ್ತಾರೆ! ರೋಗನಿರ್ಣಯಕ್ಕೆ ‘ದಿಯಾಗ್-ನೊಸ್-ತಿಕ್’, ಬೇರೆಡೆ ‘ಞ’ ಎಂದು ಮೆತ್ತಗಾಗುವ ಜಿ-ಎನ್ ಜೋಡಿ ಇಲ್ಲಿ ಎರಡು ಹೋಳಾಗಿ ಗಟ್ಟಿಯಾಗಿ ನಿಲ್ಲುತ್ತದೆ.

ಎಲ್ಲಕ್ಕಿಂತ ಹೆಚ್ಚು ಕಾಡುವುದು ಸಿ-ಎಚ್ ಜೋಡಿ. ಅದು ಒಮ್ಮೆ ‘ಶ’, ಒಮ್ಮೆ ‘ಕ’. ಶ್ವಾಸನಾಳಕ್ಕೆ ‘ತ್ರಾಶೆ’ ಎನ್ನುತ್ತಾರೆ. ಅದನ್ನು ಕೊರೆದು ದಾರಿ ಮಾಡುವ ಶಸ್ತ್ರಚಿಕಿತ್ಸೆಗೆ ‘ತ್ರಾಕೆಒತೊಮಿ’. ಅಂಗವೊಂದೇ, ಕಾಗುಣಿತವೊಂದೇ, ಧ್ವನಿ ಬೇರೆ. ‘ಬ್ರೋಂಶಿತ್’ ಎಂಬುದು ಸಾಮಾನ್ಯ ಎದೆಗೆಮ್ಮು, ಶ್ವಾಸಕೋಶಕ್ಕೂ ಇಳಿದರೆ ‘ಬ್ರೋಂಕೊಪ್ನೊಮೊನಿ’. ಇದಕ್ಕೆ ಕಾರಣವುಂಟು. ಜನರ ಬಾಯಲ್ಲಿ ಬಹುಕಾಲ ಉರುಳಿ ಸವೆದ ಪದಗಳಲ್ಲಿ ‘ಶ’ ಬಂದಿದೆ. ವಿದ್ವಾಂಸರು ಆಮೇಲೆ ಗ್ರೀಕಿನಿಂದ ಕಟ್ಟಿದ ಪದಗಳಲ್ಲಿ ‘ಕ’ ಉಳಿದಿದೆ. ಎಲ್ಲ ಪದಗಳಿಗೂ ಈ ಸೂತ್ರ ಒಗ್ಗದು, ಆದರೂ ದಾರಿ ತೋರಿಸುತ್ತದೆ. ನಮ್ಮ ಧರ್ಮಸಭೆಯ ಪದಗಳೂ ಈ ಗೊಂದಲಕ್ಕೆ ಹೊರತಲ್ಲ. ಮಹಾಧರ್ಮಾಧ್ಯಕ್ಷರು ‘ಆರ್ಶೆವೆಕ್’, ಮಹಾದೂತರು ‘ಆರ್ಕಾಂಜ್’. ಜ್ಞಾನೋಪದೇಶ ‘ಕಾತೆಶಿಸ್ಮ್’, ಅದನ್ನು ಕಲಿಯುವ ದೀಕ್ಷಾರ್ಥಿ ‘ಕಾತೆಕ್ಯುಮೆನ್’. ಊರಿನ ಧರ್ಮಾಧ್ಯಕ್ಷರು ದಿನನಿತ್ಯ ಜನರ ಬಾಯಲ್ಲಿ ಬಂದು ಸವೆದರು. ಮಹಾದೂತರು ಸವೆಯಲಿಲ್ಲ.

ಅರ್ಥ ತುಂಬಿ ಪದ ಕಟ್ಟುವ ಈ ಹವ್ಯಾಸಕ್ಕೆ ಫ್ರಾನ್ಸಿನಲ್ಲಿ ದೊಡ್ಡ ಇತಿಹಾಸವಿದೆ. 1787ರಲ್ಲಿ ಗಿತೋಂ ದ ಮೊರ್ವೊ, ಲವೊಸಿಯೆ, ಬೆರ್ತೊಲೆ, ಫುರ್ಕ್ರುವಾ ಎಂಬ ನಾಲ್ವರು ಕೂಡಿ ರಸಾಯನಶಾಸ್ತ್ರಕ್ಕೆ ಹೊಸ ನಾಮಪದ್ಧತಿಯನ್ನು ಪ್ರಕಟಿಸಿದರು. ಹೆಸರನ್ನು ಕೇಳಿದೊಡನೆ ವಸ್ತುವಿನ ಗುಣ ತಿಳಿಯಬೇಕೆಂಬುದು ಅವರ ಹಂಬಲ. ನೀರನ್ನು ಹುಟ್ಟಿಸುವುದು ಹೈಡ್ರೊಜನ್. ಆಮ್ಲವನ್ನು ಹುಟ್ಟಿಸುವುದು ಆಕ್ಸಿಜನ್. ಎಲ್ಲ ಆಮ್ಲಗಳಲ್ಲಿಯೂ ಅದು ಇರುವುದಿಲ್ಲವೆಂದು ಮುಂದೆ ಗೊತ್ತಾಯಿತಾದರೂ ಹೆಸರು ಉಳಿಯಿತು. ನಾವು ನೈಟ್ರೊಜನ್ ಎನ್ನುವುದನ್ನು ಫ್ರೆಂಚರು ಇಂದಿಗೂ ‘ಅಜೋತ್’ ಎನ್ನುತ್ತಾರೆ. ಅದರಲ್ಲಿರುವುದು ಗ್ರೀಕಿನ ‘ಜೊಎ’, ಯೊವಾನ್ನನ ಶುಭಸಂದೇಶದಲ್ಲಿ ಮತ್ತೆ ಮತ್ತೆ ಬರುವ ‘ಜೀವ’ ಎಂಬ ಪದ. ಹಿಂದೆ ‘ಅ’ ಸೇರಿ ಜೀವವಿಲ್ಲದ್ದು ಎಂದಾಗಿದೆ. ಹೆಸರಿಟ್ಟವರಲ್ಲಿ ಒಬ್ಬರಾದ ಲವೊಸಿಯೆಯವರ ತಲೆ 1794ರ ಮೇ 8ರಂದು ಗಿಲೊಟಿನ್‌ಗೆ ಬಲಿಯಾಯಿತು.

ಅರ್ಥದ ಗಿಣ್ಣನ್ನು ಜನಸಾಮಾನ್ಯರೂ ತಮ್ಮದೇ ರೀತಿಯಲ್ಲಿ ಕಂಡುಕೊಳ್ಳುತ್ತಾರೆ. ಅಂಗಮರ್ದನದಿಂದ ಚಿಕಿತ್ಸೆ ನೀಡುವವರ ಉದ್ದನೆಯ ಹೆಸರು ‘ಕಿನೆಜಿತೆರಾಪೊತ್’. ರೋಗಿಗಳು ‘ಕಿನೆ’ ಎಂದು ಮುಗಿಸುತ್ತಾರೆ. ಕಣ್ಣಿನ ವೈದ್ಯರು ‘ಒಫ್ತಾಲ್ಮೊ’. ಕಿವಿ ಮೂಗು ಗಂಟಲಿನ ತಜ್ಞರ ಹೆಸರನ್ನು ಮೊದಲು ಎರಡು ಅಡ್ಡಗೆರೆಗಳಿಂದ ಮೂರು ತುಂಡಾಗಿಯೇ ಬರೆಯುತ್ತಿದ್ದರು. 1990ರ ಡಿಸೆಂಬರ್‌ನಲ್ಲಿ ಪ್ರಕಟವಾದ ಕಾಗುಣಿತದ ಪರಿಷ್ಕರಣೆ ಗೆರೆಗಳನ್ನು ತೆಗೆದು ಕೂಡಿಸಿ ಬರೆಯಬಹುದೆಂದಿತು. ಜನರಿಗೆ ಎರಡೂ ಬೇಕಾಗಲಿಲ್ಲ. ‘ಒ-ಎರ್-ಎಲ್’ ಎಂದು ಮೂರು ಅಕ್ಷರ ಹೇಳಿ ಬಾಗಿಲು ತಟ್ಟುತ್ತಾರೆ.

ಆದರೆ ಹೀಗೆ ಕತ್ತರಿಸಲಾಗದ, ಅರ್ಧ ನುಂಗಲೂ ಆಗದ ಪದಗಳಿವೆ. ಹಾಸನ ಜಿಲ್ಲೆಯ ಹಳ್ಳಿಯೊಂದರಿಂದ ಬಂದ ಧರ್ಮಭಗಿನಿಯೊಬ್ಬರು ಅದೇ ನಗರದ ವೃದ್ಧಾಶ್ರಮವೊಂದರಲ್ಲಿ ಸೇವೆ ಸಲ್ಲಿಸುತ್ತಿದ್ದರು. ನರ್ಸಿಂಗ್ ಓದಿದ್ದರೂ ಅಲ್ಲಿ ಸಹಾಯಕಿಯ ಕೆಲಸವೇ. ಒಂದು ರಾತ್ರಿ ಸಕ್ಕರೆ ಕಾಯಿಲೆಯ ಅಜ್ಜಿಯೊಬ್ಬರು ಬೆವೆತು, ನಡುಗಿ, ಮಾತು ತೊದಲತೊಡಗಿದರು. ಸಿಸ್ಟರ್ ರಕ್ತ ಪರೀಕ್ಷಿಸಿ ಪಾಳಿಯ ವೈದ್ಯರಿಗೆ ದೂರವಾಣಿ ಮಾಡಿದರು. ರಕ್ತದಲ್ಲಿ ಸಕ್ಕರೆ ಇಳಿದರೆ ಫ್ರೆಂಚಿನಲ್ಲಿ ‘ಇಪೊಗ್ಲಿಸೆಮಿ’, ಏರಿದರೆ ‘ಇಪೆರ್‌ಗ್ಲಿಸೆಮಿ’. ಫ್ರೆಂಚರು ಮೊದಲ ‘ಹ’ವನ್ನು ಉಚ್ಚರಿಸುವುದಿಲ್ಲ. ಉಳಿದದ್ದು ‘ಪೊ’ ಮತ್ತು ‘ಪೆರ್’ ನಡುವಿನ ಅಂತರ ಮಾತ್ರ. ಒಂದಕ್ಕೆ ಸಕ್ಕರೆ ಕೊಡಬೇಕು, ಇನ್ನೊಂದಕ್ಕೆ ಇನ್ಸುಲಿನ್ ಬೇಕಾಗಬಹುದು. ತಿರುವುಮುರುವಾದರೆ ಜೀವ ಉಳಿಯದು. ಅತ್ತ ಕಡೆಯ ದನಿ “ಇಪೆರ್ ಅಂದಿರಾ?” ಎಂದು ಕೇಳಿತು. ಸಿಸ್ಟರ್ ಪದವನ್ನು ಮತ್ತೆ ಹೇಳಲಿಲ್ಲ. “ಸೊನ್ನೆ ಗ್ರಾಂ ನಲವತ್ತೈದು” ಎಂದು ಅಂಕಿಯನ್ನೇ ಹೇಳಿದರು. ಒಂದು ಲೀಟರ್ ರಕ್ತಕ್ಕೆ ಇಷ್ಟು ಗ್ರಾಂ ಎಂಬುದು ಅಲ್ಲಿನ ಲೆಕ್ಕ. ಅರ್ಧ ಗ್ರಾಮಿಗೂ ಕಡಿಮೆಯಾದರೆ ಅಪಾಯವೆಂದು ಎಲ್ಲರಿಗೂ ಗೊತ್ತು. ಅಜ್ಜಿಗೆ ಸಕ್ಕರೆ ನೀರು ಕುಡಿಸಲಾಯಿತು, ಕಾಲು ಗಂಟೆಯಲ್ಲಿ ಚೇತರಿಸಿಕೊಂಡರು.

“ನಾನು ಹೇಳಿದ್ದು ಸರಿಯಾಗಿಯೇ ಇತ್ತು ಸ್ವಾಮಿ, ಅವರಿಗೆ ಯಾಕೆ ಕೇಳಿಸಲಿಲ್ಲ?” ಎಂದು ಮುಂದಿನ ಭಾನುವಾರ ಸಿಸ್ಟರ್ ನನ್ನನ್ನು ಕೇಳಿದರು. ಪ್ರಶ್ನೆಯನ್ನು ಅಚ್ಚುಮನೆಯ ಹಿರಿಯರ ಬಳಿಗೆ ಒಯ್ದೆ. ಫ್ರೆಂಚ್ ಮಾತಿನ ಒತ್ತು ಪದಗುಚ್ಛದ ಕೊನೆಯಲ್ಲಿ ಬೀಳುತ್ತದೆ. ಕೇಳುವ ಕಿವಿಯೂ ಅಲ್ಲಿಗೇ ಸಿದ್ಧವಾಗಿ ನಿಂತಿರುತ್ತದೆ. ಈ ಪದಗಳ ಪ್ರಾಣವಿರುವುದಾದರೋ ಮೊದಲಿನಲ್ಲಿ. ಕೊನೆಯ ‘ಗ್ಲಿಸೆಮಿ’ ಎರಡಕ್ಕೂ ಒಂದೇ. ಕನ್ನಡದವರಾದ ನಮಗೆ ಪದದ ತಲೆಯ ಮೇಲೆ ಸ್ವಲ್ಪ ಭಾರ ಹಾಕಿ ಮಾತನಾಡುವ ರೂಢಿಯಿದೆ. ಫ್ರಾನ್ಸಿಗೆ ಬಂದ ಮೇಲೆ ಅದನ್ನು ಬಿಡಲು ಹೆಣಗುತ್ತೇವೆ. ಇಲ್ಲಿ ಮಾತ್ರ ಬಿಡಬಾರದು ಎಂದರು ಅವರು. ಎಚ್ಚರವುಳ್ಳ ಫ್ರೆಂಚ್ ವೈದ್ಯರೂ ಇಂತಹ ಪದಗಳಲ್ಲಿ ಬೇಕೆಂದೇ ಮೊದಲ ಭಾಗಕ್ಕೆ ಒತ್ತು ಕೊಟ್ಟು, ಅರ್ಥದ ಗಿಣ್ಣಿನಲ್ಲಿ ಕ್ಷಣಕಾಲ ನಿಲ್ಲುತ್ತಾರೆ: ಇಪೊ... ಗ್ಲಿಸೆಮಿ. ಆ ವಾರವಿಡೀ ಸಿಸ್ಟರ್ ವೃದ್ಧಾಶ್ರಮದ ಓಣಿಯಲ್ಲಿ ಹಾಸಿಗೆ ಬಟ್ಟೆಗಳ ಗಾಡಿ ತಳ್ಳುತ್ತಾ, ಏರಿದ್ದಕ್ಕೊಂದು ಇಳಿದದ್ದಕ್ಕೊಂದು ಎಂದು ಜೋಡಿ ಪದಗಳನ್ನು ಜಪದಂತೆ ಹೇಳಿಕೊಳ್ಳುತ್ತಿದ್ದರಂತೆ. ಅಂಕಿ ಹೇಳದೆ ಪದವನ್ನಷ್ಟೇ ಎಂದೂ ಹೇಳಬಾರದೆಂಬುದು ಅವರೇ ಮಾಡಿಕೊಂಡ ನಿಯಮ. ಅದು ಯಾವ ವ್ಯಾಕರಣಕ್ಕಿಂತಲೂ ಮೇಲು.

2000ದ ನವೆಂಬರ್ ತಿಂಗಳ ಒಂದು ಗುರುವಾರ ನಾನು ಹೋದಾಗ ಹಿರಿಯರು ಕಾಫಿಗೆ ಮೊದಲು ಒಂದು ಲಕೋಟೆಯನ್ನು ನನ್ನ ಮುಂದಿಟ್ಟರು. ಕೆಲವು ವಾರಗಳಿಂದ ಅವರಿಗೆ ಹೊಟ್ಟೆಯ ತೊಂದರೆಯಿತ್ತು, ದೊಡ್ಡ ಕರುಳಿನಿಂದ ಚೂರು ತೆಗೆದು ಪರೀಕ್ಷೆಗೆ ಕಳುಹಿಸಿ ಆಗಿತ್ತು. ರೋಗಿಯು ತನ್ನ ವೈದ್ಯಕೀಯ ದಾಖಲೆಯನ್ನು ನೇರವಾಗಿ ಕೇಳಿ ಪಡೆಯಬಹುದೆಂಬ ಕಾನೂನು ಫ್ರಾನ್ಸಿನಲ್ಲಿ ಬಂದದ್ದು 2002ರ ಮಾರ್ಚ್ 4ರಂದು. ಅದಕ್ಕೆ ಮುಂಚೆ ಅಂತಹ ಕಾಗದಗಳು ವೈದ್ಯರಿಂದ ವೈದ್ಯರಿಗೆ ಹೋಗುತ್ತಿದ್ದವು. ಈ ಲಕೋಟೆಯೂ ಅವರ ಮನೆವೈದ್ಯರ ಹೆಸರಿಗೇ ಇತ್ತು, ಆದರೆ ಅಂಟಿಸಿರಲಿಲ್ಲ. “ಮೋಂ ಪೆರ್, ನನ್ನ ಕಣ್ಣಿಗೆ ಕಾಣುವುದಿಲ್ಲ. ನೀವು ಓದಿ” ಎಂದರು. ವೈದ್ಯರ ಬಳಿಗೇ ಹೋಗೋಣವೆಂದು ಹೇಳಿ ನೋಡಿದೆ. ಭೇಟಿಗೆ ಇನ್ನೂ ಐದು ದಿನಗಳಿವೆ, ಐದು ರಾತ್ರಿಗಳೂ ಇವೆ ಎಂದರು.

ಕಾಗದದಲ್ಲಿ ಆರೇಳು ಸಾಲುಗಳು. ಮೊದಲ ಸಾಲುಗಳಲ್ಲಿ ಅಳತೆಗಳು, ಬಣ್ಣದ ವಿವರ. ಆಮೇಲೆ ಆ ಪದ. ಅದರ ಗಿಣ್ಣುಗಳು ನನಗೆ ಒಮ್ಮೆಗೇ ಕಂಡವು. ‘ಅದೆನ್’ ಎಂದರೆ ಗ್ರಂಥಿ, ‘ಕಾರ್ಕಿನೊಸ್’ ಎಂದರೆ ಏಡಿ, ಕೊನೆಯ ‘ಓಮ್’ ಎಂದರೆ ಗೆಡ್ಡೆ. ಫ್ರಾನ್ಸಿನ ಜನ ಆ ರೋಗದ ಹೆಸರನ್ನು ಹೇಳಲು ಅಂಜಿ ‘ಏಡಿ’ ಎಂದೇ ಕರೆಯುತ್ತಾರೆ. ಅರ್ಥದ ಗಿಣ್ಣಿನಲ್ಲಿ ನಿಂತು ಓದಿದರೆ ತೀರ್ಪನ್ನೇ ಓದಿದಂತೆ. ನಾಲಗೆಯ ಗಿಣ್ಣಿನಲ್ಲಿ ಓದಿದರೆ ಬರೀ ಆರು ಧ್ವನಿಗಳು. ನಾನು ಎಲ್ಲಿಯೂ ನಿಲ್ಲದೆ, ಯಾವ ಭಾಗಕ್ಕೂ ಒತ್ತು ಕೊಡದೆ, ಬರೆದದ್ದನ್ನು ಬರೆದಂತೆ ಓದಿದೆ: ಅದೆನೊಕಾರ್ಸಿನೋಮ್.

ಅವರ ಎಡಗೈ ಮೇಲೆದ್ದಿತು. ಬಲಗೈ ಒಂದೊಂದೇ ಮೊಳೆಯನ್ನು ಇಡುತ್ತಾ ಹೋಯಿತು. ಹದಿನಾಲ್ಕು ಮೊಳೆಗಳು. ಮುಗಿದ ಮೇಲೆ ಕೈಯನ್ನು ಮೇಜಿನ ಮೇಲಿಟ್ಟರು.

“ಈ ಪದವನ್ನು ನೂರಾರು ಸಲ ಜೋಡಿಸಿದ್ದೇನೆ” ಎಂದರು. “ಇದನ್ನು ಒಡೆಯಲು ನಾಲ್ಕು ಜಾಗಗಳಿವೆ. ಮೊದಲ ‘ಅ’ ಒಂಟಿ, ಅಲ್ಲಿ ಒಡೆಯುವಂತಿಲ್ಲ. ‘ಅದೆನೊಕಾರ್’ ಎಂಬಲ್ಲಿ ಒಡೆಯಬಹುದು, ನಿಯಮದ ಪ್ರಕಾರ ತಪ್ಪಿಲ್ಲ. ಆದರೆ ಅದು ಬಸ್ಸು ಓಡಿಸುವ ಕಂಪನಿಯ ಹೆಸರಿನಂತೆ ಕೇಳಿಸುತ್ತದೆ.” ಫ್ರೆಂಚಿನಲ್ಲಿ ‘ಕಾರ್’ ಎಂದರೆ ದೂರದೂರಿಗೆ ಹೋಗುವ ಬಸ್ಸು. ಅವರು ನಕ್ಕರು, ನನಗೆ ನಗಲಾಗಲಿಲ್ಲ. “ನಾನು ಯಾವಾಗಲೂ ‘ಅದೆನೊ’ ಎಂಬಲ್ಲಿ ಒಡೆಯುತ್ತಿದ್ದೆ. ಹಾಗೆ ಒಡೆದರೆ ಓದುವವನಿಗೆ ಮುಂದಿನ ಸಾಲಿನಲ್ಲಿ ಏನಿದೆಯೆಂದು ನೆಟ್ಟಗೆ ಕಾಣುತ್ತದೆ. ಮೋಂ ಪೆರ್, ನೀವು ಒಡೆಯದೆ ಓದಿದಿರಿ. ಇನ್ನೊಮ್ಮೆ ಓದಿ, ಒಡೆದು ಓದಿ.”

ಓದಿದೆ. ಅದೆನೊ. ಕಾರ್ಸಿನೋಮ್.

ಆಮೇಲೆ ಉಳಿದ ಸಾಲುಗಳನ್ನು ಓದಿಸಿಕೊಂಡರು. ರೋಗ ಕರುಳಿನ ಗೋಡೆಯೊಳಗೆ ಎಷ್ಟು ಇಳಿದಿದೆಯೆಂಬುದು ಅದರಲ್ಲಿರಲಿಲ್ಲ, ಅದು ವೈದ್ಯರು ಮುಂದೆ ತಿಳಿಯಬೇಕಾದ ವಿಷಯ. ಕಾಫಿ ಆರಿತ್ತು, ಮತ್ತೆ ಬಿಸಿ ಮಾಡಿದರು. ಮಗಳಿಗೆ ದೂರವಾಣಿ ಮಾಡುವಾಗ ಪಕ್ಕದಲ್ಲಿರಬೇಕೆಂದು ಕೇಳಿದರು, ಇದ್ದೆ. ಅವರು ಮಗಳಿಗೆ ಹೇಳಿದ್ದು ಉದ್ದನೆಯ ಪದವನ್ನಲ್ಲ, ‘ಏಡಿ’ ಎಂದೂ ಅಲ್ಲ. ಎರಡು ಅಕ್ಷರಗಳ ಆ ಸಾಮಾನ್ಯ ಪದವನ್ನೇ ಹೇಳಿದರು. ಅದನ್ನು ಒಡೆಯಲು ಯಾರೂ ಅಚ್ಚುಮನೆಯಲ್ಲಿ ಕಲಿಯಬೇಕಾಗಿಲ್ಲ. ಐದನೆಯ ದಿನ ವೈದ್ಯರು ಮಾತನಾಡತೊಡಗಿದಾಗ ಇವರೇ ಅವರನ್ನು ತಡೆದು, ನಾನು ಕಾಗದ ಓದಿಸಿಕೊಂಡಿದ್ದೇನೆ, ಮುಂದಿನದನ್ನು ಹೇಳಿ ಎಂದರಂತೆ.

ಡಿಸೆಂಬರಿನಲ್ಲಿ ಶಸ್ತ್ರಚಿಕಿತ್ಸೆಯಾಯಿತು. ಬಳಿಕ ಆರು ತಿಂಗಳು ‘ಶಿಮಿಯೊ’. ಆ ಚಿಕಿತ್ಸೆಯ ಪೂರ್ಣ ಹೆಸರನ್ನೂ ಜನ ಅರ್ಥದ ಗಿಣ್ಣಿನಲ್ಲಿಯೇ ಮುರಿದಿದ್ದಾರೆ. ಗುರುವಾರಗಳು ಮುಂದುವರಿದವು. ಈಗ ಚೀಟಿ ಬರೆದಿಡುವವರು ಅವರಾಗಿದ್ದರು, ತಮಗೆ ಕೊಡುವ ಔಷಧಿಗಳ ಹೆಸರುಗಳನ್ನು. ನನ್ನ ಗ್ರೀಕ್ ಅವುಗಳಲ್ಲಿ ಅನೇಕಕ್ಕೆ ನಿಲುಕಲಿಲ್ಲ, ಕಂಪನಿಗಳು ಕಟ್ಟುವ ಹೆಸರುಗಳಿಗೆ ಗಿಣ್ಣೇ ಇರುವುದಿಲ್ಲ. ಒಂದು ಕಣ್ಣಿನ ಪೊರೆಯನ್ನೂ ತೆಗೆಸಿಕೊಂಡರು. 2001ರ ಸೆಪ್ಟೆಂಬರಿನಲ್ಲಿ ನಾನು ಊರಿಗೆ ಮರಳಿದೆ.

ಆ ವರ್ಷದ ಕ್ರಿಸ್ತಜಯಂತಿಗೆ ಅವರಿಂದ ಒಂದು ಕಾರ್ಡು ಬಂತು. ಆರೋಗ್ಯವಾಗಿದ್ದೇನೆ, ಮತ್ತೆ ಓದುತ್ತಿದ್ದೇನೆ ಎಂದು ಎರಡೇ ಸಾಲು. ಲಕೋಟೆ ಚಿಕ್ಕದು, ಅವರ ಅಕ್ಷರಗಳು ದೊಡ್ಡವು, ನನ್ನ ಊರಿನ ಹೆಸರು ಒಂದೇ ಸಾಲಿನಲ್ಲಿ ಹಿಡಿಸಿರಲಿಲ್ಲ. ಮೊದಲ ಸಾಲಿನ ತುದಿಯಲ್ಲಿ ‘ಚಿಕ್ಕ’ ಎಂದು ಬರೆದು, ಒಂದು ಪುಟ್ಟ ಅಡ್ಡಗೆರೆ ಎಳೆದು, ಮಗಳನ್ನೂ ಊರನ್ನೂ ಮುಂದಿನ ಸಾಲಿಗೆ ಕೊಂಡೊಯ್ದಿದ್ದರು.